ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂದು ರಜೆಗೆ ಮುಗಿಯದ ಆಫ್ರಿಕಾ

ಆಫ್ರಿಕಾ ಖಂಡದ ಪ್ರವಾಸದ ಬಗ್ಗೆ ಪ್ರಶ್ನೆ ಕಳುಹಿಸಿರೆಂದು ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಿಂಹ, ಆನೆ, ಸಫಾರಿ ಎಂಬ ಮೂರು ಪದಗಳ ಆಚೀಚೆ ಸುತ್ತುತ್ತಿದ್ದವು. ಆ ಪ್ರಶ್ನೆಗಳಿಗೆ ಒಟ್ಟಾಗಿ ಒಂದೇ ಉತ್ತರ ಕೊಟ್ಟು, ಉಳಿದ ಜಾಗವನ್ನು ಬೇರೆ ದಾರಿಯಲ್ಲಿ ಯೋಚಿಸಿದ ಓದುಗರಿಗೆ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರಿನ ಬದಲು ಊರನ್ನಷ್ಟೇ ಕೊಡುವುದು ಈ ಅಂಕಣದ ರೂಢಿ.

ಪ್ರಶ್ನೆ: ನಮಗೆ ಹನ್ನೆರಡು ದಿನಗಳ ರಜೆ ಸಿಗುತ್ತದೆ. ಈಜಿಪ್ಟಿನ ಪಿರಮಿಡ್, ಕೀನ್ಯಾದ ಸಫಾರಿ, ವಿಕ್ಟೋರಿಯಾ ಜಲಪಾತ, ಕೇಪ್‌ಟೌನ್ ಇಷ್ಟನ್ನೂ ಒಂದೇ ಪ್ರವಾಸದಲ್ಲಿ ಮುಗಿಸಬಹುದೇ? (ದಾವಣಗೆರೆಯ ದಂಪತಿ)

ಉತ್ತರ: ಮುಗಿಸಬಹುದು, ಆದರೆ ನೀವು ಹೆಚ್ಚು ಹೊತ್ತು ನೋಡುವುದು ವಿಮಾನ ನಿಲ್ದಾಣಗಳನ್ನೇ. ಆಫ್ರಿಕಾದ ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿಲೋಮೀಟರ್. ಭಾರತದಂಥ ಒಂಬತ್ತು ದೇಶಗಳನ್ನು ಅದರೊಳಗೆ ಇಟ್ಟರೂ ಜಾಗ ಮಿಗುತ್ತದೆ. ವಿಶ್ವಸಂಸ್ಥೆಯ ಸದಸ್ಯರಾದ 54 ದೇಶಗಳು ಅಲ್ಲಿವೆ. ಕೈರೋದಿಂದ ಕೇಪ್‌ಟೌನಿಗೆ ಆಕಾಶಮಾರ್ಗದಲ್ಲಿಯೇ 7,000 ಕಿಲೋಮೀಟರಿಗೂ ಹೆಚ್ಚು ದೂರ. ಬೆಂಗಳೂರಿನಿಂದ ಕೈರೋ ಇರುವುದು ಇದಕ್ಕಿಂತ ಹತ್ತಿರ.

ದೂರಕ್ಕಿಂತ ದೊಡ್ಡ ತೊಡಕು ಋತುವಿನದು. ಸಮಭಾಜಕ ವೃತ್ತ ಈ ಖಂಡದ ನಡುವೆ ಹಾದುಹೋಗುವುದರಿಂದ ಉತ್ತರದಲ್ಲಿ ಬೇಸಿಗೆಯಿರುವಾಗ ದಕ್ಷಿಣದಲ್ಲಿ ಚಳಿಗಾಲವಿರುತ್ತದೆ. ಜುಲೈ ತಿಂಗಳು ಕೀನ್ಯಾದ ಮಸಾಯಿ ಮಾರಾ ವನ್ಯಧಾಮಕ್ಕೆ ಚೆನ್ನ. ಅದೇ ಜುಲೈಯಲ್ಲಿ ಈಜಿಪ್ಟಿನ ಲಕ್ಸರ್‌ನ ದೇವಾಲಯಗಳ ಅಂಗಳದಲ್ಲಿ ನಲವತ್ತು ಡಿಗ್ರಿಯ ಬಿಸಿಲು ಕಾದಿರುತ್ತದೆ, ಕೇಪ್‌ಟೌನಿನಲ್ಲಿ ಮಳೆಯೂ ಶೀತಗಾಳಿಯೂ ಇರುತ್ತವೆ. ಹನ್ನೆರಡು ದಿನಗಳಿಗೆ ಒಂದು ಸೀಮೆ ಸಾಕು: ಕೀನ್ಯಾ ಮತ್ತು ಉತ್ತರ ತಾಂಜಾನಿಯಾ ಒಂದು ಜೋಡಿ, ವಿಕ್ಟೋರಿಯಾ ಜಲಪಾತ ಮತ್ತು ಬೋಟ್ಸ್ವಾನಾದ ಓಕವಾಂಗೋ ಜೌಗುನಾಡು ಇನ್ನೊಂದು ಜೋಡಿ, ಈಜಿಪ್ಟ್ ಮಾತ್ರ ತಾನೇ ಒಂದು ಪೂರ್ಣ ಪ್ರವಾಸ, ಅದೂ ನವೆಂಬರಿನಿಂದ ಫೆಬ್ರವರಿಯೊಳಗೆ. ಮೊದಲ ಬಾರಿಯ ಪ್ರವಾಸಿಗರಿಗೆ ನಾನು ಹೇಳುವುದು ಮೊದಲನೆಯದನ್ನು. ಮುಂಬೈಯಿಂದ ನೈರೋಬಿಗೆ ನೇರ ವಿಮಾನದಲ್ಲಿ ಸುಮಾರು ಆರು ಗಂಟೆಯ ಹಾದಿ.

ಪ್ರಶ್ನೆ: ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು ಮೊಸಳೆಗಳ ನಡುವೆ ನದಿ ದಾಟುವುದನ್ನು ಟಿ.ವಿ.ಯಲ್ಲಿ ನೋಡಿದ್ದೇನೆ. ಅದನ್ನು ಕಣ್ಣಾರೆ ನೋಡಲು ಯಾವ ದಿನಾಂಕಕ್ಕೆ ಟಿಕೆಟ್ ಮಾಡಿಸಬೇಕು? (ಮೈಸೂರಿನ ಓದುಗರು, ಇದೇ ಪ್ರಶ್ನೆಯನ್ನು ಇನ್ನೂ ಹಲವರು ಕೇಳಿದ್ದಾರೆ)

ಉತ್ತರ: ದಿನಾಂಕ ಹೇಳಲು ಅದು ಜಾತ್ರೆಯ ತೇರಲ್ಲ. ದನದಂತೆ ಕಾಣುವ ದೊಡ್ಡ ಹುಲ್ಲೆಗಳಾದ ಈ ವೈಲ್ಡ್‌ಬೀಸ್ಟ್‌ಗಳು ಸುಮಾರು ಹದಿಮೂರು ಲಕ್ಷ, ಜೊತೆಗೆ ಎರಡು ಲಕ್ಷದಷ್ಟು ಜೀಬ್ರಾಗಳು ಮತ್ತು ಜಿಂಕೆಯ ಜಾತಿಯ ಗೆಜೆಲ್‌ಗಳು ತಾಂಜಾನಿಯಾದ ಸೆರೆಂಗೆಟಿಗೂ ಕೀನ್ಯಾದ ಮಾರಾಕ್ಕೂ ನಡುವೆ ವರ್ಷವಿಡೀ ಸುತ್ತುತ್ತಿರುತ್ತವೆ. ಆ ಸುತ್ತಿಗೆ ಆರಂಭವಿಲ್ಲ, ಕೊನೆಯಿಲ್ಲ; ಮಳೆ ಬಿದ್ದ ಕಡೆ ಹುಲ್ಲು ಚಿಗುರುತ್ತದೆ, ಹುಲ್ಲು ಚಿಗುರಿದ ಕಡೆ ಮಂದೆ ಹೊರಳುತ್ತದೆ. ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರಿನ ನಡುವೆ ಅವು ಮಾರಾ ನದಿಯ ಆಸುಪಾಸಿನಲ್ಲಿದ್ದು ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಹಲವು ಸಲ ದಾಟುತ್ತವೆ. ದಡಕ್ಕೆ ಬಂದ ಮಂದೆ ಮೂರು ಗಂಟೆ ನಿಂತು, ಯಾವುದೋ ಹಕ್ಕಿಯ ಸದ್ದಿಗೆ ಬೆದರಿ, ದಾಟದೆಯೇ ಹಿಂದಿರುಗುವುದುಂಟು. ನಾಲ್ಕು ದಿನ ಕಾದರೂ ಏನೂ ಕಾಣದೆ ಬಂದವರು ನನಗೆ ಗೊತ್ತು. ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಕಂಡವರೂ ಗೊತ್ತು.

ನನ್ನನ್ನು ಕೇಳಿದರೆ, ನದಿ ದಾಟುವ ದೃಶ್ಯದ ಹಂಬಲವನ್ನು ಬಿಟ್ಟು ಫೆಬ್ರವರಿಯಲ್ಲಿ ದಕ್ಷಿಣ ಸೆರೆಂಗೆಟಿಯ ಎನ್ಡುಟು ಬಯಲಿಗೆ ಹೋಗುವುದು ಮೇಲು. ಆಗ ಅಲ್ಲಿ ಕರು ಹಾಕುವ ಕಾಲ. ಎರಡು ಮೂರು ವಾರಗಳ ಅವಧಿಯಲ್ಲಿ ಬಹುಪಾಲು ಕರುಗಳು ಹುಟ್ಟುತ್ತವೆ. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಕರು ಎದ್ದು ನಿಂತು ತಾಯಿಯ ಹಿಂದೆ ಓಡುತ್ತದೆ, ಓಡದಿದ್ದರೆ ಕತ್ತೆಕಿರುಬದ ಪಾಲಾಗುತ್ತದೆ. ಇಷ್ಟೊಂದು ಕರುಗಳು ಒಟ್ಟಿಗೇ ಹುಟ್ಟುವುದರಲ್ಲಿಯೂ ಒಂದು ಲೆಕ್ಕಾಚಾರವಿದೆ: ಬೇಟೆಯ ಪ್ರಾಣಿಗಳು ಎಷ್ಟು ತಿಂದರೂ ತಿಂದು ಮುಗಿಸಲಾರವು. ಮಂದೆ ಆ ಬಯಲನ್ನೇ ಆರಿಸಿಕೊಳ್ಳಲು ಕಾರಣ ಅಲ್ಲಿನ ಮಣ್ಣು. ಹತ್ತಿರದ ಜ್ವಾಲಾಮುಖಿಗಳು ಕಾಲಕಾಲಕ್ಕೆ ಉಗುಳಿದ ಬೂದಿ ಹರಡಿರುವ ಆ ನೆಲದ ಗಿಡ್ಡ ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕಗಳು ಸಮೃದ್ಧವಾಗಿದ್ದು ಹಾಲೂಡುವ ತಾಯಂದಿರಿಗೆ ಅದೇ ಬೇಕು. ಬಂಡೀಪುರ, ನಾಗರಹೊಳೆಗಳ ದಟ್ಟ ಕಾಡಿನಲ್ಲಿ ಪೊದೆಯ ಹಿಂದಿನ ಒಂದು ಕಿವಿಯನ್ನು ಹುಡುಕಿ ಅಭ್ಯಾಸವಾದ ಮೈಸೂರಿನ ಕಣ್ಣಿಗೆ, ದಿಗಂತದವರೆಗೂ ಮರೆಯೇ ಇಲ್ಲದ ಈ ಬಯಲು ಮೊದಲ ದಿನ ಸುಳ್ಳೆನಿಸುತ್ತದೆ.

ಈ ಮಂದೆಯ ಇಂದಿನ ಗಾತ್ರದ ಹಿಂದೆ ನಮ್ಮ ರೈತರಿಗೆ ಅರ್ಥವಾಗುವ ಕಥೆಯೊಂದಿದೆ. 1890ರ ದಶಕದಲ್ಲಿ ದನಗಳ ಪಿಡುಗಾದ ರಿಂಡರ್‌ಪೆಸ್ಟ್ ಪೂರ್ವ ಆಫ್ರಿಕಾದ ಹಟ್ಟಿಗಳನ್ನು ಬರಿದು ಮಾಡಿದಾಗ ವೈಲ್ಡ್‌ಬೀಸ್ಟ್‌ಗಳೂ ರಾಶಿರಾಶಿಯಾಗಿ ಸತ್ತವು. 1960ರ ದಶಕದ ಆರಂಭದಲ್ಲಿ ಅವುಗಳ ಸಂಖ್ಯೆ ಮೂರು ಲಕ್ಷವನ್ನೂ ಮುಟ್ಟಿರಲಿಲ್ಲ. ಸುತ್ತಲಿನ ಸಾಕುದನಗಳಿಗೆ ಲಸಿಕೆ ಹಾಕಿದ ಮೇಲೆ ಕಾಡುಪ್ರಾಣಿಗಳಲ್ಲಿಯೂ ರೋಗ ಮಾಯವಾಗಿ, 1970ರ ದಶಕದ ಕೊನೆಯ ಹೊತ್ತಿಗೆ ಮಂದೆ ಹತ್ತು ಲಕ್ಷವನ್ನು ಮೀರಿ ಬೆಳೆಯಿತು. ಲಸಿಕೆ ಚುಚ್ಚಿದ್ದು ಹಟ್ಟಿಯ ದನಗಳಿಗೆ, ಉಳಿದದ್ದು ಕಾಡಿನ ಮಂದೆ. ಅದೇ ಬಯಲಿನಲ್ಲಿ ದನ ಮೇಯಿಸುತ್ತಿದ್ದ ಮಸಾಯಿ ಜನರನ್ನು 1959ರಲ್ಲಿ ಸೆರೆಂಗೆಟಿಯಿಂದ ಹೊರಗೆ, ಪಕ್ಕದ ಎನ್ಗೊರೊಂಗೊರೊ ಸೀಮೆಗೆ ಕಳುಹಿಸಲಾಯಿತು ಎಂಬುದನ್ನು ಪ್ರವಾಸಿ ಮಾರ್ಗದರ್ಶಿಗಳು ಹೇಳುವುದು ಕಡಿಮೆ. ನೀವಾಗಿಯೇ ಕೇಳಿ ತಿಳಿಯಬೇಕು.

ಪ್ರಶ್ನೆ: ಜೋಗದ ಹತ್ತಿರ ಹುಟ್ಟಿ ಬೆಳೆದವರಿಗೆ ವಿಕ್ಟೋರಿಯಾ ಜಲಪಾತದಲ್ಲಿ ನೋಡಲು ಹೊಸದೇನಿದೆ? (ಸಾಗರದ ಓದುಗರು)

ಉತ್ತರ: ಎತ್ತರದ ಮಾತಾದರೆ ನಿಮ್ಮ ಜೋಗವೇ ಗೆಲ್ಲುತ್ತದೆ. ಶರಾವತಿ ಬೀಳುವುದು 253 ಮೀಟರ್, ಜಾಂಬಿಯಾ-ಜಿಂಬಾಬ್ವೆ ಗಡಿಯ ಜಾಂಬೆಜಿ ನದಿ ಬೀಳುವುದು ಸುಮಾರು 108 ಮೀಟರ್. ಅಗಲದ ಮಾತಾದರೆ ಹೋಲಿಕೆಯೇ ಇಲ್ಲ: 1,700 ಮೀಟರಿಗೂ ಉದ್ದದ ನೀರಿನ ಪರದೆಯೊಂದು ನೆಲದ ಕಿರಿದಾದ ಬಿರುಕಿನೊಳಕ್ಕೆ ಒಮ್ಮೆಲೇ ಇಳಿಯುತ್ತದೆ. ಜೋಗದಲ್ಲಿ ನೀವು ದೂರದ ಎದುರು ದಂಡೆಯಿಂದ ನೋಡುತ್ತೀರಿ. ಇಲ್ಲಿ ಬಿರುಕಿನ ಈ ಅಂಚಿನಲ್ಲಿ ನಿಂತರೆ ಜಲಪಾತ ಮುಖಕ್ಕೇ ಎದುರು. ಮೇಲೆದ್ದ ತುಂತುರು ಮತ್ತೆ ಮಳೆಯಾಗಿ ಸುರಿಯುವುದರಿಂದ ಒಣ ಸೀಮೆಯ ನಡುವೆ ಅಷ್ಟು ಜಾಗದಲ್ಲಿ ಮಾತ್ರ ಮಳೆಕಾಡು ಬೆಳೆದಿದೆ. ಸ್ಥಳೀಯರು ಇದನ್ನು ‘ಮೋಸಿ-ಓವಾ-ತುನ್ಯಾ’, ಅಂದರೆ ಗುಡುಗುವ ಹೊಗೆ, ಎಂದು ಕರೆಯುತ್ತಾರೆ. 1855ರಲ್ಲಿ ಬಂದ ಬ್ರಿಟಿಷ್ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ತನ್ನ ರಾಣಿಯ ಹೆಸರಿಟ್ಟದ್ದಕ್ಕಿಂತ ಆ ಹೆಸರು ಎಷ್ಟೋ ಚೆನ್ನಾಗಿದೆ.

ಏಪ್ರಿಲಿನಲ್ಲಿ ಹೋದರೆ ನೀರು ತುಂಬಿರುತ್ತದೆ, ಆದರೆ ಮಂಜಿನ ಮರೆಯಲ್ಲಿ ಏನೂ ಕಾಣದಿರಬಹುದು. ಶ್ರಾವಣದಲ್ಲಿ ಜೋಗ ನೋಡಿದವರಿಗೆ ಈ ಮಾತು ವಿವರಿಸಬೇಕಿಲ್ಲ. ಅಕ್ಟೋಬರ್-ನವೆಂಬರಿನಲ್ಲಿ ಜಾಂಬಿಯಾದ ಬದಿ ಬಹುತೇಕ ಬರಿ ಬಂಡೆಯಾಗಿ, ಜಿಂಬಾಬ್ವೆಯ ಬದಿಯಲ್ಲಿ ಮಾತ್ರ ನೀರು ಉಳಿದಿರುತ್ತದೆ. ಜೂನ್-ಜುಲೈ ನಡುಹಾದಿ. ಹುಣ್ಣಿಮೆಯ ಸುತ್ತಮುತ್ತಲಿನ ರಾತ್ರಿ ಸಿಕ್ಕರೆ ತುಂತುರಿನ ಮೇಲೆ ಬೆಳದಿಂಗಳ ಕಾಮನಬಿಲ್ಲು ಕಾಣುವ ಅವಕಾಶವಿದೆ.

ಪ್ರಶ್ನೆ: ಅಣೆಕಟ್ಟೆಯ ನೀರಿನಲ್ಲಿ ಮುಳುಗಬೇಕಿದ್ದ ದೇವಾಲಯವೊಂದನ್ನು ಈಜಿಪ್ಟಿನಲ್ಲಿ ಎತ್ತಿ ಬೇರೆಡೆ ಕೂರಿಸಿದ್ದಾರೆಂದು ಓದಿದೆ. ಅದನ್ನು ನೋಡಲು ಆಗುತ್ತದೆಯೇ? (ಬಾಗಲಕೋಟೆಯ ಓದುಗರು)

ಉತ್ತರ: ಆಗುತ್ತದೆ, ಮತ್ತು ನಿಮ್ಮ ಊರಿನವರಿಗೆ ಅದು ಉಳಿದವರಿಗಿಂತ ಹೆಚ್ಚು ಅರ್ಥವಾಗುತ್ತದೆ. ಅಬು ಸಿಂಬೆಲ್ ಈಜಿಪ್ಟಿನ ದಕ್ಷಿಣ ತುದಿಯಲ್ಲಿದೆ. ಕ್ರಿ.ಪೂ. 13ನೆಯ ಶತಮಾನದಲ್ಲಿ ಎರಡನೆಯ ರಾಮ್ಸೆಸ್ ಮರಳುಗಲ್ಲಿನ ಬೆಟ್ಟವನ್ನು ಕೊರೆಸಿ ಮಾಡಿಸಿದ ಎರಡು ದೇವಾಲಯಗಳು ಅಲ್ಲಿವೆ. ಅಸ್ವಾನ್ ಅಣೆಕಟ್ಟೆಯ ಹಿನ್ನೀರಿನಲ್ಲಿ ಅವು ಮುಳುಗುವುದು ಖಚಿತವಾದಾಗ, ಯುನೆಸ್ಕೋ ನೇತೃತ್ವದಲ್ಲಿ 1964ರಿಂದ 1968ರವರೆಗೆ ಅವನ್ನು ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು, ಸುಮಾರು 65 ಮೀಟರ್ ಮೇಲಕ್ಕೂ 200 ಮೀಟರ್ ಹಿಂದಕ್ಕೂ ಸಾಗಿಸಿ ಮತ್ತೆ ಜೋಡಿಸಲಾಯಿತು. ಹಿಂದೆ ಕಾಣುವ ಬೆಟ್ಟ ಕೃತಕವಾದದ್ದು. ಅದರೊಳಗೆ ದೊಡ್ಡ ಕಾಂಕ್ರೀಟ್ ಗುಮ್ಮಟವಿದೆ. ಕಲ್ಲು ಕೊಯ್ದ ಗೆರೆಗಳನ್ನು ಹತ್ತಿರ ಹೋಗಿ ಹುಡುಕಿದರೆ ಮಾತ್ರ ಗುರುತಿಸಬಹುದು.

ಗವಿಗಂಗಾಧರೇಶ್ವರನಿಗೆ ಸಂಕ್ರಾಂತಿಯ ಸಂಜೆ ಬಿಸಿಲು ತಾಗುವಂತೆ ಇಲ್ಲಿಯೂ ವರ್ಷಕ್ಕೆ ಎರಡು ಬಾರಿ, ಫೆಬ್ರವರಿ 22 ಮತ್ತು ಅಕ್ಟೋಬರ್ 22ರ ಮುಂಜಾನೆ, ಸೂರ್ಯಕಿರಣ ಉದ್ದನೆಯ ಪ್ರಾಂಗಣವನ್ನು ಹಾದು ಗರ್ಭಗುಡಿಯನ್ನು ಮುಟ್ಟುತ್ತದೆ. ಅಲ್ಲಿರುವ ನಾಲ್ಕು ವಿಗ್ರಹಗಳಲ್ಲಿ ಮೂರು ಬೆಳಗುತ್ತವೆ. ಕತ್ತಲೆಯೊಂದಿಗೆ ನಂಟುಳ್ಳ ಪ್ತಾಹ್ ದೇವರ ವಿಗ್ರಹ ನೆರಳಿನಲ್ಲಿಯೇ ಉಳಿಯುತ್ತದೆ. ಆ ಎರಡು ದಿನಗಳಲ್ಲಿ ನೂಕುನುಗ್ಗಲು ವಿಪರೀತ.

ಆದರೆ ಅಲ್ಲಿಗೆ ಹೋದವರು ಅಸ್ವಾನಿನ ನ್ಯೂಬಿಯಾ ವಸ್ತುಸಂಗ್ರಹಾಲಯಕ್ಕೆ ಹೋಗದೆ ಬರಬಾರದು. ಆ ಹಿನ್ನೀರಿನಿಂದ ಈಜಿಪ್ಟ್ ಮತ್ತು ಸುಡಾನ್ ಎರಡೂ ಬದಿಯಲ್ಲಿ ಒಟ್ಟು ಸುಮಾರು ಒಂದು ಲಕ್ಷ ನ್ಯೂಬಿಯನ್ನರು ನೈಲ್ ದಂಡೆಯ ಊರುಗಳನ್ನು ಬಿಟ್ಟು ಎದ್ದರು. ದೇವಾಲಯಗಳನ್ನು ಉಳಿಸಲು ಜಗತ್ತೇ ಹಣ ಹೊಂದಿಸಿತು. ಜನರಿಗೆ ಸಿಕ್ಕಿದ್ದು ನದಿಯಿಂದ ದೂರದ, ಸಾಲು ಸಾಲಿನ ಒಂದೇ ಅಚ್ಚಿನ ಮನೆಗಳು. ಹಳೆಯ ಬಾಗಲಕೋಟೆಯ ಕಟ್ಟೆ, ಓಣಿಗಳನ್ನು ಘಟಪ್ರಭೆಯ ಹಿನ್ನೀರಿಗೆ ಒಪ್ಪಿಸಿ ನವನಗರದ ಸೆಕ್ಟರುಗಳಿಗೆ ಬಂದವರಿಗೆ ಇದರ ರುಚಿ ಗೊತ್ತು.

ಪ್ರಶ್ನೆ: ಈಜಿಪ್ಟನ್ನು ಬಿಟ್ಟರೆ ಆಫ್ರಿಕಾದಲ್ಲಿ ವಾಸ್ತುಶಿಲ್ಪ, ಇತಿಹಾಸ ಎನ್ನುವಂಥದ್ದು ಏನಾದರೂ ಇದೆಯೇ? ನನಗೆ ಪ್ರಾಣಿಗಳಲ್ಲಿ ಆಸಕ್ತಿ ಇಲ್ಲ. (ವಿಜಯಪುರದ ನಿವೃತ್ತ ಇತಿಹಾಸ ಅಧ್ಯಾಪಕರು)

ಉತ್ತರ: ಅಧ್ಯಾಪಕರೇ, ಆದಿಲ್‌ಶಾಹಿಗಳ ರಾಜಧಾನಿಯಲ್ಲಿ ಕುಳಿತು ನೀವು ಈ ಪ್ರಶ್ನೆ ಕೇಳಿದ್ದು ನನಗೆ ಸ್ವಲ್ಪ ನಗು ತರಿಸಿತು. ಮಹಮ್ಮದ್ ಆದಿಲ್‌ಶಾಹನ ಆಸ್ಥಾನದ ಪ್ರಬಲ ಮಂತ್ರಿ ಇಖ್ಲಾಸ್ ಖಾನ್ ಹಬ್ಷಿ, ಅಂದರೆ ಆಫ್ರಿಕಾ ಮೂಲದವನಾಗಿದ್ದ. ನಿಮ್ಮ ನೆರೆಯ ಅಹ್ಮದ್‌ನಗರವನ್ನು ಆಳಿಸಿದ ಮಲಿಕ್ ಅಂಬರ್ ಹುಟ್ಟಿದ್ದು ಇಥಿಯೋಪಿಯಾದಲ್ಲಿ. ಆ ಇಥಿಯೋಪಿಯಾದಿಂದಲೇ ಆರಂಭಿಸೋಣ.

ಉತ್ತರದ ಎತ್ತರದ ಸೀಮೆಯ ಲಾಲಿಬೆಲಾ ಎಂಬ ಊರಿನಲ್ಲಿ ಬಂಡೆಯಿಂದ ಕಡೆದ ಹನ್ನೊಂದು ಚರ್ಚುಗಳಿವೆ. 12ನೆಯ ಶತಮಾನದ ಕೊನೆಯಲ್ಲಿ ಆಳಲು ತೊಡಗಿದ ಲಾಲಿಬೆಲಾ ಎಂಬ ರಾಜನ ಹೆಸರಿನೊಂದಿಗೆ ಅವು ಬೆಸೆದುಕೊಂಡಿವೆ. ಬಾದಾಮಿಯ ಗುಹೆಗಳಂತೆ ಬೆಟ್ಟದ ಪಕ್ಕವನ್ನು ಕೊರೆದದ್ದಲ್ಲ ಇವು. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಎಲ್ಲೋರಾದ ಕೈಲಾಸದಂತೆ ನೆಲಮಟ್ಟದಿಂದ ಕೆಳಕ್ಕೆ ಕಡೆಯುತ್ತಾ ಹೋಗಿ, ಸುತ್ತಲೂ ಕಂದಕ ತೋಡಿ, ನಡುವೆ ಉಳಿದ ಒಂಟಿ ಬಂಡೆಗೆ ಬಾಗಿಲು, ಕಿಟಕಿ, ಕಂಬಗಳನ್ನು ಬಿಡಿಸಿದ್ದಾರೆ. ಬೇತ ಗಿಯೋರ್ಗಿಸ್ ಎಂಬ ಚರ್ಚನ್ನು ಮೊದಲು ನೋಡುವುದು ಮೇಲಿನಿಂದ. ಕಾಲ ಕೆಳಗೆ, ನೆಲದೊಳಗೆ ಒಂದು ದೊಡ್ಡ ಶಿಲುಬೆ ಮಲಗಿದಂತೆ ಛಾವಣಿ ಕಾಣುತ್ತದೆ. ಕಂದಕದ ಇಕ್ಕಟ್ಟಿನ ದಾರಿಯಲ್ಲಿ ಇಳಿದ ಮೇಲೆಯೇ ಅದು ಕಟ್ಟಡವಾಗುತ್ತದೆ. ಪಾಳುಬಿದ್ದ ಸ್ಮಾರಕವಲ್ಲ ಇದು, ನಿತ್ಯವೂ ಪ್ರಾರ್ಥನೆ ನಡೆಯುವ ಜಾಗ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಜನವರಿ 7ರಂದು ಬರುವ ಅವರ ಕ್ರಿಸ್ಮಸ್‌ಗೆ ಬಿಳಿ ಬಟ್ಟೆ ಹೊದ್ದ ಯಾತ್ರಿಕರು ಬೆಟ್ಟದ ತುಂಬ ನೆರೆಯುತ್ತಾರೆ. ಒಂದು ಎಚ್ಚರಿಕೆ: ಲಾಲಿಬೆಲಾ ಇರುವ ಅಮ್ಹಾರಾ ಪ್ರಾಂತ್ಯದಲ್ಲಿ 2023ರಿಂದ ಸೇನೆಗೂ ಸಶಸ್ತ್ರ ಗುಂಪುಗಳಿಗೂ ಘರ್ಷಣೆ ನಡೆದಿದೆ. ಭಾರತೀಯ ರಾಯಭಾರ ಕಚೇರಿಯ ಸೂಚನೆಯನ್ನು ನೋಡದೆ ಟಿಕೆಟ್ ಮಾಡಿಸಬೇಡಿ.

ಇನ್ನೊಂದು, ಜಿಂಬಾಬ್ವೆಯ ಮಸ್ವಿಂಗೋ ಪಟ್ಟಣದ ಹತ್ತಿರದ ಗ್ರೇಟ್ ಜಿಂಬಾಬ್ವೆ. ಶೋನಾ ಭಾಷಿಕರ ಪೂರ್ವಜರು 11ರಿಂದ 15ನೆಯ ಶತಮಾನದ ನಡುವೆ ಕಟ್ಟಿದ ರಾಜಧಾನಿ ಅದು. ಗಾರೆಯ ಹನಿಯೂ ಇಲ್ಲದೆ, ಗ್ರಾನೈಟ್ ಕಲ್ಲಿನ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಎಬ್ಬಿಸಿದ ಹೊರಗೋಡೆ ಕೆಲವೆಡೆ 11 ಮೀಟರ್ ಎತ್ತರವಿದ್ದು, ಸುಮಾರು 250 ಮೀಟರ್ ಉದ್ದ ಬಳಸಿ ಬರುತ್ತದೆ. ಒಳನಾಡಿನ ಚಿನ್ನ ಮತ್ತು ದಂತ ಇಲ್ಲಿಂದ ಹಿಂದೂ ಮಹಾಸಾಗರದ ತೀರಕ್ಕೆ ಹೋಗುತ್ತಿತ್ತು. ಉತ್ಖನನದಲ್ಲಿ ಚೀನಾದ ಪಿಂಗಾಣಿ, ಭಾರತದ ಗಾಜಿನ ಮಣಿಗಳು ಸಿಕ್ಕಿವೆ.

ಇತಿಹಾಸದವರಾದ ನಿಮಗೆ ಗೋಡೆಯಷ್ಟೇ ಆಸಕ್ತಿಯ ವಿಷಯ ಆ ಗೋಡೆಯ ಮೇಲಿನ ಜಗಳ. 1871ರಲ್ಲಿ ಇಲ್ಲಿಗೆ ಬಂದ ಜರ್ಮನ್ ಅನ್ವೇಷಕ ಕಾರ್ಲ್ ಮೌಖ್ ಇದು ಬೈಬಲಿನ ಶೇಬಾ ರಾಣಿಗೆ ಸಂಬಂಧಿಸಿದ್ದೆಂದು ಸಾರಿದ. ಕಪ್ಪು ಜನ ಇಂಥದ್ದನ್ನು ಕಟ್ಟಿರಲಾರರು ಎಂಬ ಪೂರ್ವಗ್ರಹಕ್ಕೆ ಅದು ಅನುಕೂಲವಾಯಿತು. ಪುರಾತತ್ವಜ್ಞರಾದ ರ್‍ಯಾಂಡಲ್-ಮ್ಯಾಕೈವರ್ 1905ರಲ್ಲಿ, ಗರ್ಟ್ರೂಡ್ ಕೇಟನ್-ಥಾಂಪ್ಸನ್ 1929ರಲ್ಲಿ ಅಗೆದು ನೋಡಿ ಇದು ಆಫ್ರಿಕನ್ನರದೇ ಎಂದು ತೋರಿಸಿದರೂ, ಬಿಳಿಯರ ರೊಡೀಷಿಯಾ (ಜಿಂಬಾಬ್ವೆಯ ಆಗಿನ ಹೆಸರು) ಸರ್ಕಾರ 1970ರ ದಶಕದವರೆಗೂ ಆ ಮಾತನ್ನು ಬಾಯಿಬಿಟ್ಟು ಹೇಳದಂತೆ ಒತ್ತಡ ಹಾಕುತ್ತಲೇ ಇತ್ತು. 1980ರಲ್ಲಿ ಸ್ವತಂತ್ರವಾದ ದೇಶ ಈ ಕಲ್ಲುಮನೆಗಳ ಹೆಸರನ್ನೇ ತನಗೆ ಇಟ್ಟುಕೊಂಡಿತು. ಇಲ್ಲಿ ದೊರೆತ ಬಳಪದ ಕಲ್ಲಿನ ಹಕ್ಕಿ ಅದರ ಧ್ವಜದ ಮೇಲಿದೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಆಫ್ರಿಕಾದಲ್ಲಿ ಉಪವಾಸ ಬೀಳಬೇಕಾಗುತ್ತದೆಯೇ? (ಉಡುಪಿಯ ಓದುಗರು)

ಉತ್ತರ: ಉಪವಾಸದ ಮಾತೆತ್ತಿದ್ದೀರಿ, ಇಥಿಯೋಪಿಯಾದಲ್ಲಿ ನಿಮ್ಮನ್ನು ಕಾಯುವುದು ಅದೇ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಪ್ರತಿ ಬುಧವಾರ, ಶುಕ್ರವಾರ ಮತ್ತು ಈಸ್ಟರಿಗೆ ಮುಂಚಿನ 55 ದಿನ ಮಾಂಸವನ್ನಷ್ಟೇ ಅಲ್ಲ, ಹಾಲು, ಬೆಣ್ಣೆಯನ್ನೂ ಮುಟ್ಟುವುದಿಲ್ಲ. ಹೋಟೆಲಿನಲ್ಲಿ ‘ಯೆತ್ಸೋಮ್ ಬೆಯಾಯ್ನೆತು’ ಎಂದು ಕೇಳಿದರೆ ಸಾಕು. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹುಯ್ದ, ದೊಡ್ಡ ದೋಸೆಯಂಥ ಇಂಜೆರಾದ ಮೇಲೆ ಬೇಳೆ, ಕಡಲೆಹಿಟ್ಟಿನ ಗೊಜ್ಜು, ಎಲೆಕೋಸು, ಸೊಪ್ಪುಗಳು ಗುಪ್ಪೆ ಗುಪ್ಪೆಯಾಗಿ ಬರುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರಿಗೆ ಮಾತ್ರ ಕಷ್ಟ. ಈಜಿಪ್ಟಿನಲ್ಲಿ ಅಕ್ಕಿ, ಮಸೂರ, ಪಾಸ್ತಾ, ಕಡಲೆಕಾಳು ಸೇರಿದ ಕುಶರಿ ಎಂಬ ತಿನಿಸು ಬೀದಿ ಬೀದಿಯಲ್ಲಿದೆ.

ಕೀನ್ಯಾ, ತಾಂಜಾನಿಯಾಗಳಲ್ಲಿ ಚಿಂತೆಯೇ ಬೇಡ. ತಲೆಮಾರುಗಳಿಂದ ನೆಲೆಸಿರುವ ಗುಜರಾತಿಗಳ ದೆಸೆಯಿಂದ ದೊಡ್ಡ ಊರುಗಳಲ್ಲೆಲ್ಲ ಸಸ್ಯಾಹಾರ ದೊರೆಯುತ್ತದೆ. ಸ್ವಾಹಿಲಿ ಭಾಷೆಯಲ್ಲಿಯೇ ಚಪಾತಿ ಚಪಾತಿಯಾಗಿ, ಗಾಡಿ ‘ಗಾರಿ’ಯಾಗಿ, ಲಕ್ಷ ‘ಲಾಕಿ’ಯಾಗಿ, ವಿಮೆ ‘ಬೀಮಾ’ ಆಗಿ ಕುಳಿತಿವೆ. ಸ್ಥಳೀಯರ ಉಗಾಲಿ ಜೋಳದ ಹಿಟ್ಟಿನ ಮುದ್ದೆ. ಜೋಳವೆಂದರೆ ಇಲ್ಲಿ ಮೆಕ್ಕೆಜೋಳ. ಕೆಲವು ಕಡೆ ಅದನ್ನು ‘ವಿಂಬಿ’ಯ ಹಿಟ್ಟಿನಿಂದಲೂ ಮಾಡುತ್ತಾರೆ. ವಿಂಬಿ ಎಂದರೆ ರಾಗಿ. ಹಳೇ ಮೈಸೂರಿನವರು ತಮ್ಮದೇ ಎಂದುಕೊಂಡ ರಾಗಿ ಮೊದಲು ಬೆಳೆಯಾದದ್ದು ಇಥಿಯೋಪಿಯಾದಿಂದ ಉಗಾಂಡಾದವರೆಗಿನ ಎತ್ತರದ ನೆಲದಲ್ಲಿ. ಸಾವಿರಾರು ವರ್ಷಗಳ ಹಿಂದೆ ಅದು ಸಮುದ್ರ ದಾಟಿ ನಮ್ಮಲ್ಲಿಗೆ ಬಂತು.

ಪ್ರಶ್ನೆ: ನಮ್ಮದು ನಾಲ್ಕು ತಲೆಮಾರಿನ ಕಾಫಿ ತೋಟ. ಕಾಫಿ ಕಾಡುಗಿಡವಾಗಿ ಬೆಳೆಯುವುದನ್ನು ನೋಡಬೇಕೆಂಬ ಆಸೆಯಿದೆ. (ಚಿಕ್ಕಮಗಳೂರಿನ ಬೆಳೆಗಾರರು)

ಉತ್ತರ: ನೈಋತ್ಯ ಇಥಿಯೋಪಿಯಾದ ಕಾಫಾ ಸೀಮೆಗೆ ಹೋಗಿ, ಬೊಂಗಾ ಪಟ್ಟಣವನ್ನು ನೆಲೆ ಮಾಡಿಕೊಳ್ಳಬಹುದು. 2010ರಲ್ಲಿ ಯುನೆಸ್ಕೋ ಜೀವಗೋಳ ಮೀಸಲು ಎಂದು ಗುರುತಿಸಿದ ಈ ಕಾಡಿನಲ್ಲಿ ಅರೇಬಿಕಾ ಯಾರೂ ನೆಡದೆ, ಯಾರೂ ಕಸಿ ಮಾಡದೆ, ದೊಡ್ಡ ಮರಗಳ ನೆರಳಿನಲ್ಲಿ ತೆಳ್ಳಗೆ ಎತ್ತರಕ್ಕೆ ಬೆಳೆದಿರುತ್ತದೆ. ಗಿಡಕ್ಕೆ ಹಣ್ಣು ಕಡಿಮೆ. ನಿಮ್ಮ ಇಳುವರಿಯ ಲೆಕ್ಕದಲ್ಲಿ ನೋಡಿದರೆ ನಿರಾಸೆಯಾದೀತು. ಆದರೆ ಎಲೆತುಕ್ಕು ರೋಗವನ್ನು ತಡೆಯುವ ತಳಿ ಬೇಕೆಂದಾಗ ವಿಜ್ಞಾನಿಗಳು ಹುಡುಕುವ ವಂಶವೈವಿಧ್ಯ ಇರುವುದು ಇಂಥ ಕಾಡುಗಳಲ್ಲಿಯೇ. ಬಾಬಾಬುಡನ್ ಯೆಮನ್‌ನಿಂದ ತಂದನೆಂದು ನಾವು ಹೇಳುವ ಬೀಜಗಳ ಮೂಲ ಈ ಇಥಿಯೋಪಿಯಾದ ಕಾಡು. ಹಣ್ಣು ಕೊಯ್ಯುವುದು ಅಕ್ಟೋಬರಿನ ನಂತರ.

ಮನೆಗೆ ಕರೆದರೆ ಎರಡು ಗಂಟೆಯ ಬಿಡುವು ಇಟ್ಟುಕೊಂಡು ಹೋಗಿ. ಹಸಿ ಬೀಜವನ್ನು ನಿಮ್ಮೆದುರೇ ಹುರಿದು, ಆ ಹೊಗೆಯನ್ನು ನಿಮ್ಮ ಮುಖದ ಬಳಿ ತಂದು ಮೂಸಿಸಿ, ಕುಟ್ಟಿ, ‘ಜೆಬೆನಾ’ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಬಡಿಸುತ್ತಾರೆ: ಅಬೋಲ್, ತೋನಾ, ಬೆರೆಕಾ. ಮೂರನೆಯದನ್ನು ಕುಡಿಯದೆ ಏಳುವುದು ಮರ್ಯಾದೆಯಲ್ಲ. ನಿಮ್ಮ ತೋಟದಲ್ಲಿ ರೊಬಸ್ಟಾ ಕೂಡ ಇದ್ದರೆ, ಅದರ ಕಾಡುಗಿಡಗಳನ್ನು ಉಗಾಂಡಾದ ಕಿಬಾಲೆ ಅರಣ್ಯದಲ್ಲಿ ನೋಡಬಹುದು. ಚಿಂಪಾಂಜಿಗಳೂ ಅದೇ ಕಾಡಿನವು.

ಪ್ರಶ್ನೆ: ನಮ್ಮ ಸವಣೂರಿನ ದೊಡ್ಡಹುಣಸೆ ಮರಗಳ ಬಳಗ ಆಫ್ರಿಕಾದಲ್ಲಿ ಎಲ್ಲಿದೆ? (ಹಾವೇರಿ ಜಿಲ್ಲೆಯ ವಿದ್ಯಾರ್ಥಿನಿ)

ಉತ್ತರ: ಆ ಮರ ಹುಣಸೆಯಲ್ಲ, ಬಾವೊಬಾಬ್, ಹಣ್ಣಿನ ತಿರುಳು ಹುಳಿಯಾದ್ದರಿಂದ ಆ ಹೆಸರು ಬಂದಿರಬೇಕು. ಸವಣೂರಿನ ಜಾತಿಯೇ ಬೇಕೆಂದರೆ ತಾಂಜಾನಿಯಾದ ತರಂಗಿರೆ ಉದ್ಯಾನಕ್ಕೆ ಹೋಗಬೇಕು. ಅಲ್ಲಿ ಮಳೆಯಿಲ್ಲದ ಒಣ ತಿಂಗಳುಗಳಲ್ಲಿ ಆನೆಗಳು ನೀರಿನಂಶಕ್ಕಾಗಿ ದಂತದಿಂದ ಕಾಂಡವನ್ನು ಬಗೆದ ಗುರುತುಗಳನ್ನು ಮರ ಮರದ ಮೇಲೆ ಕಾಣಬಹುದು. ಚಿತ್ರಗಳಲ್ಲಿ ನೋಡುವ, ಕಂಬದಂತೆ ನೇರವಾದ ಸಾಲುಮರಗಳು ಬೇರೆ ಜಾತಿಯವು. ಅವು ಮಡಗಾಸ್ಕರ್ ದ್ವೀಪದ ಮೊರೊಂಡಾವಾ ಬಳಿ ಇವೆ. ಜಗತ್ತಿನ ಎಂಟು ಬಾವೊಬಾಬ್ ಜಾತಿಗಳಲ್ಲಿ ಆರು ಆ ದ್ವೀಪದಲ್ಲಿ ಮಾತ್ರ ಬೆಳೆಯುತ್ತವೆ. ನಿನ್ನ ಊರಿನ ಮರದ ಹೂವು ಅರಳುವುದು ರಾತ್ರಿ; ಆಫ್ರಿಕಾದಲ್ಲಿ ಅದಕ್ಕೆ ಪರಾಗಸ್ಪರ್ಶ ಮಾಡುವುದು ಬಾವಲಿಗಳು. ಒಮ್ಮೆ ಕತ್ತಲಾದ ಮೇಲೆ ಮನೆಯವರೊಂದಿಗೆ ಹೋಗಿ ನೋಡಿ ಬಂದು ನನಗೆ ಬರೆ.

ಪ್ರಶ್ನೆ: ನಾನು ಸಿದ್ದಿ ಸಮುದಾಯದವನು, ಪದವಿ ಮುಗಿಸಿ ಕೆಲಸದಲ್ಲಿದ್ದೇನೆ. ಪೂರ್ವಜರ ನೆಲವನ್ನು ನೋಡಬೇಕೆಂದರೆ ಎಲ್ಲಿಗೆ ಹೋಗಲಿ? (ಯಲ್ಲಾಪುರದ ಓದುಗರು)

ಉತ್ತರ: ಇಂಥದೇ ಊರು ಎಂದು ಹೇಳುವ ದಾಖಲೆ ಉಳಿದಿಲ್ಲ, ಗುಲಾಮರಾಗಿ ಮಾರಾಟದ ಸರಕಾದವರ ಊರಿನ ಹೆಸರನ್ನು ಅವರನ್ನು ತಂದವರು ಬರೆದಿಡುವುದು ಅಪರೂಪ. ಆದರೆ ದಿಕ್ಕು ಗೊತ್ತಿದೆ. ವಂಶವಾಹಿ ಅಧ್ಯಯನಗಳು ಸಿದ್ದಿಯರ ಮೂಲವನ್ನು ಪೂರ್ವ ಆಫ್ರಿಕಾದ ಬಾಂಟು ಭಾಷಿಕರ ಕಡೆಗೆ ತೋರಿಸುತ್ತವೆ. ಉತ್ತರ ಕನ್ನಡದ ಕಾಡುಗಳಿಗೆ ನಿಮ್ಮ ಹಿರಿಯರು ಬಂದದ್ದು ಹೆಚ್ಚಾಗಿ ಪೋರ್ಚುಗೀಸರ ಗೋವೆಯ ದಾರಿಯಿಂದ, ದಾಸ್ಯದಿಂದ ತಪ್ಪಿಸಿಕೊಂಡು ಅಥವಾ ಬಿಡುಗಡೆ ಪಡೆದು.

ಆದ್ದರಿಂದ ಮೊದಲ ಹೆಸರು ಮೊಜಾಂಬಿಕ್ ದ್ವೀಪ. ಉತ್ತರ ಮೊಜಾಂಬಿಕಿನ ನಂಪುಲಾ ಪ್ರಾಂತ್ಯದ ಕರಾವಳಿಯಲ್ಲಿ, ಉದ್ದನೆಯ, ಅಗಲ ಕಿರಿದಾದ ಸೇತುವೆಯೊಂದರಿಂದ ನೆಲಕ್ಕೆ ಜೋಡಿಸಿದ, ಮೂರು ಕಿಲೋಮೀಟರ್ ಉದ್ದದ ಪುಟ್ಟ ದ್ವೀಪ ಅದು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವ ದಾರಿಯಲ್ಲಿ ಇಲ್ಲಿ ತಂಗಿದ್ದ. ಆಮೇಲೆ ಇದು ಪೋರ್ಚುಗೀಸರ ಪೂರ್ವ ಆಫ್ರಿಕಾದ ರಾಜಧಾನಿಯಾಯಿತು. 1752ರವರೆಗೂ ಈ ಸೀಮೆಯ ಆಡಳಿತ ಗೋವೆಯ ಅಧೀನದಲ್ಲಿತ್ತು ಎಂದರೆ ಹಡಗುಗಳ ಓಡಾಟ ಎಷ್ಟಿತ್ತೆಂದು ಊಹಿಸಬಹುದು. ದ್ವೀಪದ ಉತ್ತರದ ಅರ್ಧ ಕಲ್ಲಿನ ಊರು, ದಕ್ಷಿಣದ ಅರ್ಧ ಗರಿಯ ಮಾಡಿನ ‘ಮಕುತಿ’ ಊರು. ಕಲ್ಲಿನ ಊರಿನ ಮಹಲುಗಳಿಗೆ ಹವಳದ ಕಲ್ಲು ಅಗೆದು ತೆಗೆದ ಗುಂಡಿಯಲ್ಲಿಯೇ ಮಕುತಿ ಊರು ಹಬ್ಬಿರುವುದರಿಂದ, ಕೆಲವು ಬೀದಿಗಳಲ್ಲಿ ನಿಂತರೆ ಮನೆಗಳ ಮಾಡು ನಿಮ್ಮ ಕಾಲಮಟ್ಟಕ್ಕೆ ಕಾಣುತ್ತದೆ. ಆ ದ್ವೀಪದ ಚರಿತ್ರೆಯನ್ನು ಯಾವ ಫಲಕವೂ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರದು. ಇನ್ನೂ ಉತ್ತರದ ಕಾಬೋ ಡೆಲ್ಗಾಡೋ ಪ್ರಾಂತ್ಯದಲ್ಲಿ 2017ರಿಂದ ಸಶಸ್ತ್ರ ಸಂಘರ್ಷವಿದೆ. ಆ ಕಡೆ ಹೋಗಬೇಡಿ.

ಎರಡನೆಯದು ತಾಂಜಾನಿಯಾಕ್ಕೆ ಸೇರಿದ ಜಾಂಜಿಬಾರ್ ದ್ವೀಪದ ಹಳೆಯ ಊರು ಸ್ಟೋನ್ ಟೌನ್. 1873ರಲ್ಲಿ ಮುಚ್ಚಿದ ಗುಲಾಮರ ಸಂತೆಯ ಜಾಗದಲ್ಲಿ ಈಗ ಚರ್ಚಿದೆ. ಅದರ ಅಂಗಳದ ಗುಂಡಿಯಲ್ಲಿ ಸರಪಳಿ ಬಿಗಿದ ಮನುಷ್ಯರ ಶಿಲ್ಪಗಳಿವೆ. ಕೆತ್ತನೆಯ ಬಾಗಿಲು ಮತ್ತು ಸಮುದ್ರ ಸ್ನಾನಕ್ಕೆಂದು ಹೋಗುವ ಪ್ರವಾಸಿಗರು ಇಲ್ಲಿ ಹತ್ತು ನಿಮಿಷ ನಿಲ್ಲುತ್ತಾರೆ. ನಿಮಗೆ ಅಷ್ಟು ಸಾಲದು. ಸಂಜೆ ಎಲ್ಲಾದರೂ ‘ಎನ್ಗೋಮಾ’ ಇದೆಯೇ ಎಂದು ವಿಚಾರಿಸಿ. ಸ್ವಾಹಿಲಿಯಲ್ಲಿ ಆ ಪದಕ್ಕೆ ಡೋಲು ಎಂದೂ, ಡೋಲಿನ ಕುಣಿತ ಎಂದೂ ಅರ್ಥ. ಗುಜರಾತಿನ ಸಿದ್ದಿಯರು ತಮ್ಮ ಕುಣಿತವನ್ನು ಇಂದಿಗೂ ‘ಗೋಮಾ’ ಎನ್ನುತ್ತಾರೆ. ನಿಮ್ಮ ಮನೆಯಲ್ಲಿ ಡಮಾಮಿ ಬಾರಿಸುವ ಹಿರಿಯರಿದ್ದರೆ ಅವರ ಬಡಿತವನ್ನು ಧ್ವನಿಮುದ್ರಿಸಿಕೊಂಡು ಹೋಗಿ, ಅಲ್ಲಿನ ಡೋಲಿನವರಿಗೆ ಕೇಳಿಸಿ. ಅವರು ಏನೆಂದರೆಂದು ತಿಳಿಯುವ ಕುತೂಹಲ ನನಗೂ ಇದೆ.

ಪ್ರಶ್ನೆ: ಲಸಿಕೆ, ಕಾಗದಪತ್ರ, ಸುರಕ್ಷತೆಯ ಬಗ್ಗೆ ನಾಲ್ಕು ಮಾತು ಹೇಳಿ. (ಹುಬ್ಬಳ್ಳಿಯ ಓದುಗರು)

ಉತ್ತರ: ಕೀನ್ಯಾ, ಉಗಾಂಡಾ, ಇಥಿಯೋಪಿಯಾದಂಥ ದೇಶಗಳಿಂದ ಭಾರತಕ್ಕೆ ಮರಳುವಾಗ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ, ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆಯನ್ನು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ, ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಳ್ಳಬೇಕು. ಒಮ್ಮೆ ಹಾಕಿಸಿಕೊಂಡರೆ ಆಯುಷ್ಯಪೂರ್ತಿ ಸಾಕು. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನೇ ಕೇಳಿ. ಕೀನ್ಯಾ 2024ರಿಂದ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿಯನ್ನು ಜಾರಿಗೆ ತಂದಿದೆ. ಕೀನ್ಯಾದಲ್ಲಿ 2017ರಿಂದ, ತಾಂಜಾನಿಯಾದಲ್ಲಿ 2019ರಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ; ಚಟ್ನಿಪುಡಿ, ಅವಲಕ್ಕಿಗಳನ್ನು ಡಬ್ಬಿಯಲ್ಲಿ ಒಯ್ಯಿರಿ. ಸೈನಿಕರ ಮಾದರಿಯ ಹಸಿರು-ಕಂದು ಚುಕ್ಕೆಯ ಬಟ್ಟೆಯನ್ನು ಜಿಂಬಾಬ್ವೆಯಲ್ಲಿ ಧರಿಸುವಂತಿಲ್ಲ. ಸುಡಾನಿನ ಮೆರೋಯೆಯಲ್ಲಿ ಇನ್ನೂರಕ್ಕೂ ಹೆಚ್ಚು ಪಿರಮಿಡ್‌ಗಳಿವೆ, ಮಾಲಿಯ ಟಿಂಬಕ್ಟುವಿನಲ್ಲಿ ಹಸ್ತಪ್ರತಿಗಳಿವೆ. ಆದರೆ ಯುದ್ಧ, ಹಿಂಸೆ ನಿಲ್ಲುವವರೆಗೆ ಈ ಎರಡೂ ದೇಶಗಳನ್ನು ಪಟ್ಟಿಯಿಂದ ಬಿಡಿ.

ಕೊನೆಯದಾಗಿ ಗಡಿಯಾರ. ಇಥಿಯೋಪಿಯಾದಲ್ಲಿಯೂ ಸ್ವಾಹಿಲಿ ಮಾತಿನ ಸೀಮೆಯಲ್ಲಿಯೂ ಜನ ಗಂಟೆಯನ್ನು, ನಮ್ಮ ಪಂಚಾಂಗದವರು ಗಳಿಗೆ ಎಣಿಸುವ ಹಾಗೆ, ಸೂರ್ಯೋದಯದಿಂದ ಎಣಿಸುತ್ತಾರೆ. ನಾವು ಬೆಳಗಿನ ಏಳು ಎನ್ನುವುದು ಅವರಿಗೆ ಒಂದು ಗಂಟೆ, ‘ಸಾ ಮೋಜ’. ಬಸ್ಸು ಎರಡು ಗಂಟೆಗೆ ಎಂದು ಯಾರಾದರೂ ಹೇಳಿದರೆ, ಊಟ ಮುಗಿಸಿ ಹೋದರಾಯಿತೆಂದು ಕೂರಬೇಡಿ. ಅದು ಬೆಳಿಗ್ಗೆ ಎಂಟಕ್ಕೇ ಹೊರಟುಹೋಗಿರಬಹುದು.